ಅತ್ತೆಯ ಜೀಪು ಮತ್ತು ನಾಲ್ಕು ನಿಂಬೆಹಣ್ಣು

ನಮ್ಮ ಅತ್ತೆಯ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಮಾತು ಬಿಟ್ಟ ಹಾಗೆ ದೂರ ಸರಿದು ನಿಂತಿರುತ್ತಿತ್ತು. ತುದಿ ಚಪ್ಪಟೆ, ಅಡಿಭಾಗ ಹಳೆಯ ತೊಗಲಿನಷ್ಟು ಗಟ್ಟಿ. ಅವರ ಜೀಪಿನ ನೆಲದಲ್ಲಿ ಒಂದು ಕಬ್ಬಿಣದ ಗುಂಡಿ ಇತ್ತು. ಅದನ್ನು ಕಾಲಿನಿಂದ ಒತ್ತಿದರೆ ಮಾತ್ರ ಇಂಜಿನ್ನು ಎದ್ದೇಳುತ್ತಿತ್ತು. ಅತ್ತೆ ಅದನ್ನು ಬರಿಗಾಲಲ್ಲೇ ಒತ್ತುತ್ತಿದ್ದರು. ಚಪ್ಪಲಿಗಳನ್ನು ಗುಡಿಯ ಮುಂದೆ ಬಿಡುವಂತೆ ಜೋಡಿಸಿ ಪಕ್ಕದ ಸೀಟಿನ ಕೆಳಗಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಬ್ಬೆರಳನ್ನು ಗುಂಡಿಯ ಮೇಲೆ ಊರಿ ಒಂದು ಕ್ಷಣ ಸುಮ್ಮನೆ ಕೂರುತ್ತಿದ್ದರು. ಯಾಕೆ ಚಪ್ಪಲಿ ಬಿಡುತ್ತೀರಿ ಎಂದು ಚಿಕ್ಕವನಿದ್ದಾಗ ಕೇಳಿದ್ದೆ. "ಗ್ಲೌಸು ಹಾಕ್ಕೊಂಡು ಯಾರಾದ್ರೂ ನಾಡಿ ನೋಡ್ತಾರೇನೋ?" ಅಂದಿದ್ದರು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ದನದ ಡಾಕ್ಟರು. ಜಯನಗರದ ನಮ್ಮ ಮನೆಯಲ್ಲಿ ಕೆಳಗೆ ಅವರು, ಮಹಡಿಯ ಮೇಲೆ ನಾವು. ಅವರು ಮದುವೆಯಾಗಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಬರಲಿಲ್ಲ. ಹೋರಿಯ ಮೂಗು ಹಿಡಿದು ಬಗ್ಗಿಸುವ ಕೈಯ ಮುಂದೆ ನಿಂತು ಅಂಥ ಪ್ರಶ್ನೆ ಕೇಳುವುದು ಸುಲಭವಲ್ಲ.

ಜೀಪು ಮೊದಲು ತಾತನದಾಗಿತ್ತು. ಅವರು ಮನೆ ಕಟ್ಟುವವರಿಗೆ ಸೈಜುಗಲ್ಲು ಒದಗಿಸುವ ಕಂಟ್ರಾಕ್ಟರು. ಮಿಲಿಟರಿಯವರು ಹರಾಜು ಹಾಕಿದ ಜೀಪನ್ನು ಕೊಂಡು ತಂದಿದ್ದರು. ಸ್ಟೀರಿಂಗ್ ಎಡಗಡೆಗೆ. ತಾತ ಹೋದ ಮೇಲೆ ಗಂಡುಮಕ್ಕಳಿಬ್ಬರೂ, ಅಂದರೆ ನಮ್ಮಪ್ಪ ಮತ್ತು ಚಿಕ್ಕಪ್ಪ, ತಮಗೆ ಸ್ಕೂಟರೇ ಸಾಕು ಎಂದರು. ಅತ್ತೆ ಮೊಳೆಯಲ್ಲಿ ನೇತಾಡುತ್ತಿದ್ದ ಕೀಲಿ ತೆಗೆದುಕೊಂಡರು. ಆಗ ಅವರಿಗೆ ಕನಕಪುರ ರಸ್ತೆಯ ಹಳ್ಳಿಗಳ ಕಡೆ ಕೆಲಸ. "ಬಸ್ಸು ಕಾಯ್ತಾ ಕೂತ್ರೆ ಹಸು ಕರು ಹಾಕಿ, ಆ ಕರೂನೂ ಕರು ಹಾಕಿರತ್ತೆ" ಎನ್ನುತ್ತಿದ್ದರು.

ಜೀಪನ್ನೂ ಅವರು ದನದ ಹಾಗೇ ನೋಡುತ್ತಿದ್ದರು. ಬಾಗಿಲಿನಿಂದ ಬಂದವರು ಮೊದಲು ಅದರ ಹಿಂಬದಿಯ ಮೂಲೆಗೆ ಅಂಗೈ ಇಟ್ಟು ಎರಡು ಸಲ ತಟ್ಟುತ್ತಿದ್ದರು. ಆಮೇಲೆ ಪಕ್ಕದ ತಗಡಿನ ಮೇಲೆ ಕೈ ಆಡಿಸುತ್ತಲೇ ಮುಂದಕ್ಕೆ ಹೋಗುತ್ತಿದ್ದರು. "ಹಿಂದಿಂದ ಬರೋವಾಗ ಮುಟ್ಕೊಂಡು ಬರ್ಬೇಕು. ಯಾರು ಬಂದ್ರು ಅಂತ ಅದಕ್ಕೂ ಗೊತ್ತಾಗ್ಬೇಕಲ್ಲ. ಇಲ್ದಿದ್ರೆ ಒದೆಯತ್ತೆ." ನನಗೆ ಆಗ ಏಳೆಂಟು ವರ್ಷ. ಜೀಪು ಒದೆಯುವುದಿಲ್ಲ ಎಂಬುದು ಗೊತ್ತಿತ್ತು. ಆದರೂ ತಟ್ಟದೆ ಹತ್ತಲಿಲ್ಲ. ಒದೆಯಬಹುದಾದದ್ದರ ಬಗ್ಗೆ ನಾನು ಅಂದಿನಿಂದಲೂ ಎಚ್ಚರಿಕೆಯ ಮನುಷ್ಯ. ವರ್ಷಗಟ್ಟಲೆ ತಟ್ಟಿಸಿಕೊಂಡು ಆ ಮೂಲೆಯಲ್ಲಿ ಅಂಗೈಯಗಲ ಬಣ್ಣ ಸವೆದು ತಗಡು ಹೊಳೆಯುತ್ತಿತ್ತು.

ರಜೆಯಲ್ಲಿ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ಸಾರಕ್ಕಿಯಲ್ಲಿ ಒಂದು ಹಸು ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು. ಸಾರಕ್ಕಿ ಆಗಿನ್ನೂ ಅರ್ಧ ಊರು, ಅರ್ಧ ಬೆಂಗಳೂರು. ಹಸುವಿನ ಯಜಮಾನ ಕೈಕಟ್ಟಿ ನಿಂತು, "ಬರೀ ಹುಲ್ಲು ಕಣ್ರಮ್ಮ, ಹುಲ್ಲು ಬಿಟ್ರೆ ಇನ್ನೇನೂ ಹಾಕಿಲ್ಲ" ಎಂದ. ಅತ್ತೆ ಹಸುವಿನ ಪಕ್ಕ ಕೂತು, ಬಾಯಿ ಅಗಲಿಸಿ ಮೂಸಿ ನೋಡಿದರು.

"ಯಾರ ಮನೆ ಮದುವೆ?" ಎಂದು ಕೇಳಿದರು.

"ಯಾವ ಮದುವೆನಮ್ಮ?"

"ಅನ್ನ, ಪಾಯಸ, ಬೂಂದಿ. ಮಿಕ್ಕಿದ್ದೆಲ್ಲ ತಂದು ಸುರಿದಿದ್ದೀಯ."

ಅವನು ಇಲ್ಲವೇ ಇಲ್ಲ ಎಂದು ದೇವರ ಮೇಲೆ ಆಣೆ ಇಡುವುದರಲ್ಲಿದ್ದ. ಅಷ್ಟರಲ್ಲಿ ಹಸು ದೊಡ್ಡದಾಗಿ ತೇಗಿತು. ಏಲಕ್ಕಿಯ ವಾಸನೆ ನನ್ನ ತನಕ ಬಂತು. ಅಡುಗೆ ಸೋಡಾ ಕದಡಿ ಕುಡಿಸಿ, ಕೈ ತೊಳೆದುಕೊಂಡು ಜೀಪು ಹತ್ತಿದ ಮೇಲೆ ಅತ್ತೆ ಹೇಳಿದ್ದು ಇಷ್ಟು: "ಮೂಕಪ್ರಾಣಿ ಸುಳ್ಳು ಹೇಳಲ್ಲ ಕಣೋ. ಸುಳ್ಳು ಹೇಳೋನು ಓನರ್ರು. ಅದಕ್ಕೇ ಮೊದಲು ಪ್ರಾಣೀನ ನೋಡು, ಆಮೇಲೆ ಓನರ್ ಕಥೆ ಕೇಳು."

ಈ ಮಾತು ಒಂದು ದಿನ ನನ್ನ ಮೇಲೇ ತಿರುಗಿ ಬೀಳುತ್ತದೆ ಎಂದು ಆಗ ಅನ್ನಿಸಿರಲಿಲ್ಲ.

ನಾನು ದೊಡ್ಡವನಾಗಿ ವಿಮಾ ಕಂಪನಿ ಸೇರಿದೆ. ಏನೇನು ಕೆಡಬಹುದು, ಎಷ್ಟು ಕೆಡಬಹುದು ಎಂದು ಅಂದಾಜು ಮಾಡುವ ವಿಭಾಗ. ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ಕೆಲಸ ಎಲ್ಲರಿಗೂ ಸಿಕ್ಕುವುದಿಲ್ಲ. ಆದರೆ ಸಂಜೆ ಮನೆಗೆ ಬಂದ ಮೇಲೂ ನಾನು ಪುಕ್ಕಟೆಯಾಗಿ ಅದನ್ನೇ ಮುಂದುವರಿಸುತ್ತೇನೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ರಾಗಿಗುಡ್ಡದವರೆಗೆ ಹೋದವನು ವಾಪಸು ಬಂದದ್ದುಂಟು. "ನಿಮ್ಮ ತಮ್ಮನ ಮಗನಿಗೆ ಒಂದು ದಿನ ಚಿಂತೆ ಇಲ್ದಿದ್ರೆ, ಯಾಕಿಲ್ಲ ಅಂತ ಚಿಂತೆ ಶುರುವಾಗತ್ತೆ" ಎಂದು ನನ್ನ ಹೆಂಡತಿ ಅತ್ತೆಗೆ ದೂರು ಹೇಳುವಳು. "ತಮ್ಮ ಅಲ್ಲಮ್ಮ, ಅಣ್ಣ. ಅವರೂ ಹಿಂಗೇ ಇದ್ರು" ಎಂದು ಅತ್ತೆ ತಿದ್ದುವರು.

ಅವರು ನಿವೃತ್ತರಾದ ಕೆಲವು ವರ್ಷಕ್ಕೆ ಜೀಪು ಪೋರ್ಟಿಕೋದಲ್ಲಿ ನಿಂತುಹೋಯಿತು. ಬಿಡಿಭಾಗ ಸಿಗಲಿಲ್ಲ, ಅತ್ತೆಯ ಮಂಡಿ ಸವೆಯಿತು, ಅದೂ ಇದೂ ಸೇರಿತು. ಆದರೆ ಆಯುಧಪೂಜೆ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ. ಕಾರು, ಸ್ಕೂಟರು, ಸೈಕಲ್ಲುಗಳ ಜೊತೆ ಜೀಪಿಗೂ ಅರಿಸಿನ, ಕುಂಕುಮ, ಚೆಂಡುಹೂವಿನ ಹಾರ, ಎರಡು ಕಡೆ ಬಾಳೆಕಂದು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಬೇರೆ ಗಾಡಿಗಳಾದರೆ ಸ್ಟಾರ್ಟ್ ಮಾಡಿ ಹಣ್ಣಿನ ಮೇಲೆ ದಾಟಿಸುತ್ತಾರೆ. ನಮ್ಮದು ಸ್ಟಾರ್ಟ್ ಆಗುವುದಿಲ್ಲವಲ್ಲ. ಆದ್ದರಿಂದ ಅತ್ತೆ ಬರಿಗಾಲಲ್ಲಿ ಹತ್ತಿ ಸ್ಟೀರಿಂಗ್ ಹಿಡಿದು ಕೂರುವರು. ಹಬ್ಬಕ್ಕೆ ಬಂದ ನೆಂಟರೆಲ್ಲ ಹಿಂದೆ ಸಾಲಾಗಿ ನಿಲ್ಲುವರು. ಚಿಕ್ಕಪ್ಪ "ಹ್ಞೂಂ, ತಳ್ರಪ್ಪಾ" ಎಂದು ಅಪ್ಪಣೆ ಕೊಡುವರು. ಹೋಳಿಗೆ ತಿನ್ನುವ ಮೊದಲಿನ ವ್ಯಾಯಾಮ ಅದು. ಹಣ್ಣು ಪಚಕ್ಕೆಂದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಏಳುವರು. ನಮ್ಮ ಮನೆಯ ಮಕ್ಕಳು ನಡೆಯಲು ಕಲಿತ ವರ್ಷವೇ ಜೀಪು ತಳ್ಳಲೂ ಕಲಿಯುತ್ತಿದ್ದವು.

ಹೀಗಿರುವಾಗ ಅತ್ತೆಗೆ ಮಂಡಿಯ ಆಪರೇಷನ್ ಆಯಿತು. ಆ ವರ್ಷ ಹಬ್ಬದ ಊಟದಲ್ಲಿ ಚಿಕ್ಕಪ್ಪನ ಮಗ ಮಾತೆತ್ತಿದ. ಅವನು ಕನಕಪುರ ರಸ್ತೆಯಲ್ಲಿ ಒಂದು ಹೋಟೆಲು ತೆಗೆದಿದ್ದ. ಗೋಡೆಗೆಲ್ಲ ಹಳೇ ಸೈಕಲ್ಲು, ಲಾಟೀನು, ಹೊಲಿಗೆ ಮಿಷನ್ನು ನೇತುಹಾಕುವ ಥರದ ಹೋಟೆಲು. ಒಳ್ಳೆಯ ಹುಡುಗ. ಯಾವುದು ಹಳೆಯದು ಕಂಡರೂ ಅದರ ಮೇಲೆ ತಿಂಡಿ ಇಡಬೇಕೆನ್ನಿಸುತ್ತದೆ ಎಂಬುದೊಂದೇ ತೊಂದರೆ.

"ಅತ್ತೆ, ಜೀಪು ನನಗೆ ಕೊಡಿ. ಎಂಟ್ರೆನ್ಸಲ್ಲೇ ನಿಲ್ಲಿಸ್ತೀನಿ. ಬಾನೆಟ್ ತೆಗೆದು ಅಲ್ಲಿ ಐಸ್ ತುಂಬಿದ್ರೆ ಎಳನೀರಿಗೆ ಸಖತ್ ಕೌಂಟರ್ ಆಗತ್ತೆ."

ಅತ್ತೆ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದವರು ಹಾಗೇ ಕೈ ತಡೆದರು. "ಇಂಜಿನ್ನು?"

"ಇಂಜಿನ್ ಯಾಕೆ ಅತ್ತೆ? ತೆಗೆದು ಗುಜರಿಗೆ ಹಾಕಿದ್ರಾಯ್ತು."

ಆಗ ಒಂದು ಗಂಡುಧ್ವನಿ, "ಬೇಡ. ನಾನು ರಿಪೇರಿ ಮಾಡಿಸ್ತೀನಿ. ನಾನು ಓಡಿಸ್ತೀನಿ" ಎಂದಿತು. ಎಲ್ಲರೂ ನನ್ನ ಕಡೆ ತಿರುಗಿದ ಮೇಲೆ ಅದು ನನ್ನದೇ ಧ್ವನಿ ಎಂದು ಗೊತ್ತಾಯಿತು. ಹೆಂಡತಿ ಬಡಿಸುವ ಸೌಟನ್ನು ಕೆಳಗಿಟ್ಟಳು.

ಅತ್ತೆ ನನ್ನನ್ನು ಬಾಯಿ ಅಗಲಿಸಿ ಮೂಸಿ ನೋಡುವ ಹಾಗೆ ನೋಡಿದರು. ಆಮೇಲೆ ತೀರ್ಪು ಕೊಟ್ಟರು. "ಸರಿ. ಮುಂದಿನ ಆಯುಧಪೂಜೆಗೆ ನೀನು ಇಂಜಿನ್ ಸ್ಟಾರ್ಟ್ ಮಾಡಿ, ಓಡಿಸಿ ನಿಂಬೆಹಣ್ಣು ದಾಟಿಸು. ದಾಟಿಸಿದ್ರೆ ನಿಂದು. ಇಲ್ದಿದ್ರೆ ಅವನು ತಗೊಂಡು ಹೋಗ್ಲಿ, ಎಳನೀರಾದ್ರೂ ತಣ್ಣಗಿರತ್ತೆ."

ನಗುತ್ತಲೇ ಹೇಳಿದರು. ಆದರೆ ಕೈ ತೊಳೆಯಲು ಎದ್ದವರು ಪೋರ್ಟಿಕೋದ ಕಡೆ ಹೋಗಿ ಸುಮಾರು ಹೊತ್ತು ಬರಲಿಲ್ಲ.

ತಿಲಕ್ ನಗರದಲ್ಲಿ ಹಳೇ ಜೀಪುಗಳನ್ನೇ ರಿಪೇರಿ ಮಾಡುವ ಒಬ್ಬ ಭಾಯಿ ಇದ್ದರು. ಜೀಪನ್ನು ಕ್ರೇನಿನ ಕೊಕ್ಕೆಗೆ ಸಿಕ್ಕಿಸಿ ಅಲ್ಲಿಗೆ ಎಳೆಸಿಕೊಂಡು ಹೋದೆವು. ನೆಲದ ತಗಡು ಎಷ್ಟು ತುಕ್ಕು ತಿಂದಿತ್ತೆಂದರೆ ಅದರೊಳಗಿಂದ ರಸ್ತೆಯ ಹಂಪುಗಳು ಕಾಣುತ್ತಿದ್ದವು. ಸೀಟಿನ ಸ್ಪಂಜಿನಲ್ಲಿ ಇಲಿಯ ಸಂಸಾರ. ಡ್ರೈವರ್ ಸೀಟಿನ ಅಡಿಯಲ್ಲಿದ್ದ ಪೆಟ್ರೋಲ್ ಟ್ಯಾಂಕು ಬಿಚ್ಚಿ ಬಗ್ಗಿಸಿದರೆ ತುಕ್ಕು ರಾಗಿಹಿಟ್ಟಿನ ಹಾಗೆ ಸುರಿಯಿತು. ಅದುವರೆಗೆ ನಾನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಓಡಿಸುವ ಗಾಡಿಯನ್ನು ಒಪ್ಪಿಕೊಂಡಿದ್ದೇನೆ ಎಂದು ಗೊತ್ತಿರಲಿಲ್ಲ. "ಇದು ಸೇಫಾ ಭಾಯ್?" ಎಂದೆ. "ಯುದ್ಧ ನೋಡಿ ಬಂದಿರೋ ಗಾಡಿ ಸಾರ್. ನಿಮ್ಮನ್ನ ನೋಡಿ ಅದಕ್ಕೆ ಭಯ ಆಗ್ಬೇಕು" ಎಂದು ಅವರು ಬೀಡಿ ಹಚ್ಚಲು ಹೊರಗೆ ಹೋದರು.

ಅಲ್ಲಿಂದ ಮುಂದೆ ನನ್ನ ಶನಿವಾರಗಳೆಲ್ಲ ಆ ಗ್ಯಾರೇಜಿಗೇ ಸಂದವು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸವೆದ ಬಿಡಿಭಾಗಗಳನ್ನು ಕೈಯಲ್ಲಿ ಹಿಡಿದು "ಇಂಥದ್ದು ಇದೆಯಾ" ಎಂದು ಅಲೆದೆ. ಬಣ್ಣ ಕೆರೆದಾಗ ಅತ್ತೆಯ ಕಾಲದ ಹಾಲುಬಿಳಿಯ ಕೆಳಗೆ ತಾತನ ನೀಲಿ, ಅದರ ಕೆಳಗೆ ಮಿಲಿಟರಿಯ ಹಸಿರು ಸಿಕ್ಕಿತು. ಆಟೋದಲ್ಲಿ ಬಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತ ಅತ್ತೆ ಮೂರನ್ನೂ ನೋಡಿದರು. "ನೀಲಿ ಹೊಡೀರಿ. ಅದು ನಮ್ಮಪ್ಪಂದು" ಎಂದರು. ಹಿಂಬದಿಯ ಮೂಲೆಯಲ್ಲಿ ಅವರ ಅಂಗೈ ಸವೆಸಿದ ಜಾಗ ಬಂದಾಗ ನಾನು ಭಾಯಿಯನ್ನು ತಡೆದೆ. ಅಷ್ಟು ಮಾತ್ರ ಹಾಗೇ ಬಿಡೋಣವೇ, ಸುತ್ತ ಪಟ್ಟಿ ಅಂಟಿಸೋಣವೇ, ಮೇಲೊಂದು ಗಾಜು ಹಾಕಿಸೋಣವೇ ಎಂದು ಚರ್ಚೆಗೆ ತೊಡಗಿದೆ.

ಅತ್ತೆ ಸ್ಟೂಲಿನಿಂದಲೇ ಹೇಳಿದರು. "ಹೊಡೀರಿ ಭಾಯ್. ಗುರುತು ಹೋದ್ರೆ ಹೋಯ್ತು, ಕೈ ಇನ್ನೂ ಇದೆಯಲ್ಲ."

ಮಳೆಗಾಲ ಮುಗಿಯುವ ಹೊತ್ತಿಗೆ ಇಂಜಿನ್ನು ಮಾತಾಡಿತು. ಭಾಯಿ ಬೀದಿಯ ತುದಿಯವರೆಗೆ ಓಡಿಸಿ ತೋರಿಸಿದರು. ಬನ್ನಿ ಸಾರ್ ಎಂದು ಕರೆದರು. ನಾನು, ಬ್ರೇಕಿನ ಪೈಪು ಇನ್ನೊಂದು ಸಲ ನೋಡಿಬಿಡಿ ಎಂದೆ. ಮುಂದಿನ ವಾರ ವೈರಿಂಗ್. ಅದರ ಮುಂದಿನ ವಾರ ಸ್ಟೀರಿಂಗ್ ಕೊಂಚ ಎಡಕ್ಕೆ ಎಳೆಯುತ್ತಿದೆಯೇನೋ ಎಂದೆ. "ನೀವು ಇನ್ನೂ ಹತ್ತೇ ಇಲ್ಲವಲ್ಲ ಸಾರ್, ಹೆಂಗೆ ಗೊತ್ತಾಯ್ತು?" ಎಂದು ಭಾಯಿ ಕೇಳಿದರು. ಹಬ್ಬ ಹತ್ತಿರ ಬಂದಾಗ, ಇಂಜಿನ್ನಿನಿಂದ ಒಂದು ಥರ ಶಬ್ದ ಬರುತ್ತಿದೆ ಎಂದು ಹೊಸದಾಗಿ ಕಂಡುಹಿಡಿದೆ. ಆ ದಿನ ಭಾಯಿ ನನ್ನ ಜೊತೆ ವಾದ ಮಾಡಲಿಲ್ಲ. ನೇರವಾಗಿ ಅತ್ತೆಗೆ ಫೋನು ಮಾಡಿ, "ಡಾಕ್ಟರಮ್ಮ, ನೀವೇ ಒಂದ್ಸಲ ಬಂದು ನೋಡ್ಬಿಡಿ" ಎಂದರು.

ಅತ್ತೆ ಬಂದರು. ಕೋಲು ಬದಿಗಿಟ್ಟು, ಓಡುತ್ತಿದ್ದ ಇಂಜಿನ್ನಿನ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ಕಿವಿ ಬಗ್ಗಿಸಿದರು. ಗ್ಯಾರೇಜಿನಲ್ಲಿ ಸುತ್ತಿಗೆಗಳೂ ಸುಮ್ಮನಾದವು. ಆಮೇಲೆ ಬಂದು ನನ್ನ ಮಣಿಕಟ್ಟು ಹಿಡಿದರು.

"ಇದಕ್ಕೇನೂ ಆಗಿಲ್ಲ ಭಾಯ್. ಕಾಯಿಲೆ ಓನರ್ದು. ನಾಡಿ ನೋಡಿ, ಕರು ಹಾಕೋ ಹಸೂಗೂ ಇಷ್ಟು ಓಡಲ್ಲ."

"ಅತ್ತೆ, ಅದಲ್ಲ..." ಎಂದೆ.

"ಹುಲ್ಲು ಬಿಟ್ರೆ ಇನ್ನೇನೂ ಹಾಕಿಲ್ಲ ಅಂತೀಯ. ಗೊತ್ತು" ಎಂದರು.

ಕೊನೆಗೆ ಗ್ಯಾರೇಜಿನಿಂದ ಮನೆಗೆ ಜೀಪನ್ನು ಓಡಿಸಿಕೊಂಡು ಬಂದವರು ಭಾಯಿಯೇ. ನಾನು ಸ್ಕೂಟರಿನಲ್ಲಿ ಹಿಂದೆ ಹಿಂದೆ ಬಂದೆ, ಏನಾದರೂ ಉದುರಿದರೆ ಹೆಕ್ಕಿಕೊಳ್ಳಲು. ಏನೂ ಉದುರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ನೆಂಟರೆಲ್ಲ ಸೇರಿದ್ದರು. ಜೀಪು ಗೇಟಿನ ಕಡೆ ಮುಖ ಮಾಡಿ ಮುಂದೆ ನಿಂತಿತ್ತು. ಕಾರು, ಸ್ಕೂಟರು ಅದರ ಹಿಂದೆ. ಅತ್ತೆ ಕುರ್ಚಿಯಲ್ಲಿ ಕೂತೇ ಮಂಗಳಾರತಿ ಮಾಡಿದರು. ಬೂದುಗುಂಬಳ ಒಡೆದಾಯಿತು. ನಾಲ್ಕು ಹಣ್ಣುಗಳು ಚಕ್ರದ ಕೆಳಗೆ ಕೂತವು. ನಾನು ಚಪ್ಪಲಿ ಬಿಟ್ಟು ಹತ್ತಿದೆ. ಹೆಬ್ಬೆರಳಿನಲ್ಲಿ ಗುಂಡಿ ಒತ್ತಿದೆ. ಇಂಜಿನ್ನು ಎದ್ದಿತು. ಕ್ಲಚ್ಚು ಒತ್ತಿ ಗೇರು ಹಾಕಿದೆ. ಇನ್ನು ಕ್ಲಚ್ಚು ಬಿಡಬೇಕು, ಅಷ್ಟೇ ಬಾಕಿ. ಗೇಟು ಪೂರ್ತಿ ತೆರೆದಿದೆಯೇ, ರಸ್ತೆಯಲ್ಲಿ ಯಾರಾದರೂ ಬರುತ್ತಿದ್ದಾರೆಯೇ, ಬ್ರೇಕು ಹಿಡಿಯದಿದ್ದರೆ ಎದುರುಮನೆಯ ಕಾಂಪೌಂಡ್ ಎಷ್ಟು ಗಟ್ಟಿ, ಎಲ್ಲವನ್ನೂ ಒಮ್ಮೆ ಯೋಚಿಸಿ ಆಮೇಲೆ ಬಿಡೋಣ ಎಂದುಕೊಂಡೆ.

ನಾನು ಯೋಚಿಸುತ್ತಿರುವಾಗ ಹಿಂದಿನಿಂದ ಚಿಕ್ಕಪ್ಪನ ಧ್ವನಿ ಕೇಳಿತು. "ಹ್ಞೂಂ, ತಳ್ರಪ್ಪಾ."

ಅಷ್ಟು ವರ್ಷದ ಅಭ್ಯಾಸ. ಮಕ್ಕಳು, ಮುದುಕರು, ಅಳಿಯಂದಿರು, ಎಲ್ಲರೂ ಏನೂ ಯೋಚಿಸದೆ ಭುಜ ಕೊಟ್ಟೇಬಿಟ್ಟರು. ಕ್ಲಚ್ಚು ಒತ್ತಿಯೇ ಇದ್ದದ್ದರಿಂದ ಜೀಪು ಸಲೀಸಾಗಿ ಉರುಳಿತು. ಹಣ್ಣುಗಳು ಪಚಕ್ಕೆಂದವು. ನಾನು ಗಾಬರಿಯಲ್ಲಿ ಕಾಲು ತೆಗೆದೆ. ಜೀಪು ಒಮ್ಮೆ ಕುಪ್ಪಳಿಸಿ ಆಫ್ ಆಯಿತು. ಚಪ್ಪಾಳೆ ಶುರುವಾಗಿ ಅರ್ಧಕ್ಕೆ ನಿಂತಿತು.

"ಇಂಜಿನ್ ಆನ್ ಇತ್ತು. ಲೆಕ್ಕಕ್ಕೆ ಬರತ್ತೆ" ಎಂದಳು ನನ್ನ ಹೆಂಡತಿ.

"ಇಲ್ಲ ಅತ್ತಿಗೆ, ನಾನೇ ತಳ್ಳಿದೀನಿ, ಭುಜ ನೋಡಿ" ಎಂದ ಚಿಕ್ಕಪ್ಪನ ಮಗ. ಹೊಸ ಬಿಳಿ ಜುಬ್ಬದ ಮೇಲೆ ಕುಂಕುಮ ಮೆತ್ತಿತ್ತು. ತಳ್ಳದೆ ಸುಮ್ಮನಿದ್ದಿದ್ದರೆ ಎಳನೀರಿನ ಕೌಂಟರು ತಾನಾಗಿ ಸಿಗುತ್ತಿತ್ತೆಂದು ಅವನಿಗೆ ಆಗ ಹೊಳೆದಂತಿತ್ತು. "ಅಪ್ಪ ತಳ್ಳಿ ಅಂದ್ರಲ್ಲ, ತಳ್ಳಿಬಿಟ್ಟೆ."

"ನಾನು ಪ್ರತಿವರ್ಷ ಅಂತೀನಿ. ನನ್ನನ್ನ್ಯಾಕೆ ಅಂತೀಯ?" ಎಂದರು ಚಿಕ್ಕಪ್ಪ.

ಎಲ್ಲರೂ ಅತ್ತೆಯ ಕಡೆ ನೋಡಿದರು. ಅವರು ನಿಧಾನಕ್ಕೆ ಎದ್ದು ಬಂದು ಕೋಲಿನ ತುದಿಯಿಂದ ಒಂದು ಹಣ್ಣನ್ನು ಮಗುಚಿ ನೋಡಿದರು. "ಹಣ್ಣು ಸತ್ತಿದೆ. ಆದ್ರೆ ಕೊಂದೋನು ಇವನಲ್ಲ. ಇನ್ನೊಂದ್ಸಲ ಆಗ್ಬೇಕು. ಹಣ್ಣು ತಗೊಂಡ್ಬಾ, ಹೋಗು."

ಬೀದಿಯ ಅಂಗಡಿಗಳು ಪೂಜೆ ಮುಗಿಸಿ ಬಾಗಿಲು ಹಾಕಿದ್ದವು. ಹಬ್ಬದ ದಿನ ನಿಂಬೆಹಣ್ಣು ಬೇಕೆಂದರೆ ಸಾರಕ್ಕಿ ಮಾರ್ಕೆಟ್ಟಿಗೇ ಹೋಗಬೇಕು. ನಾನು ಸ್ಕೂಟರಿನ ಕೀಲಿಗೆ ಕೈ ಹಾಕಿದೆ. ಸ್ಕೂಟರು ಜೀಪಿನ ಹಿಂದೆ. ಕಾರೂ ಜೀಪಿನ ಹಿಂದೆ. ಚಿಕ್ಕಪ್ಪನ ಮಗ, "ನನ್ನ ಕಾರು ಆಚೆ ಇದೆ, ನಾನು ಹೋಗಿ ತರ್ತೀನಿ ಬಿಡಿ" ಎಂದ. "ನೀನು ಕೂತ್ಕೋ. ಹಣ್ಣು ಅವನದು" ಎಂದು ಅತ್ತೆ ಕುರ್ಚಿಯನ್ನು ಜೀಪಿನ ಪಕ್ಕಕ್ಕೆ ಎಳೆಸಿದರು. ಹಿಂಬದಿಯ ಮೂಲೆಯ ಹೊಸ ನೀಲಿಯ ಮೇಲೆ ಎರಡು ಸಲ ತಟ್ಟಿದರು. ನನ್ನ ಹೆಂಡತಿಯ ಹೆಗಲು ಹಿಡಿದು, ಕುರ್ಚಿಯ ಮೇಲೊಂದು ಕಾಲಿಟ್ಟು, ಬಲಗಡೆಯ ಸೀಟಿಗೆ ಏರಿ ಕೂತರು. "ಬೇಗ ನಡಿ. ಹಣ್ಣು ಮುಗಿದುಹೋದ್ರೆ ಕಷ್ಟ" ಎಂದರು.

ಆ ಒಂದು ಮಾತು ನನ್ನನ್ನು ಹಿಡಿದುಕೊಂಡಿತು. ಹಣ್ಣು ಮುಗಿದುಹೋದರೆ? ಮಧ್ಯಾಹ್ನದೊಳಗೆ ಸಿಗದಿದ್ದರೆ? ಆಗ ಜೀಪು ಎಳನೀರಿಗೆ. ಆ ಚಿಂತೆಯಲ್ಲಿ ಉಳಿದ ಚಿಂತೆಗಳಿಗೆ ಜಾಗ ಸಾಲಲಿಲ್ಲ. ಗೇಟು ದಾಟಿದೆವು, ರಾಗಿಗುಡ್ಡ ದಾಟಿದೆವು. ರಸ್ತೆಯ ಎರಡೂ ಕಡೆ ಕುಂಬಳಕಾಯಿಯ ರಾಶಿ, ಬಾಳೆಕಂದು ಹೊತ್ತು ನಡೆಯುವ ಜನ, ಹಾರ ಹಾಕಿಕೊಂಡು ಮದುಮಗನಂತೆ ಬರುವ ಆಟೋಗಳು. ಸ್ಟೀರಿಂಗ್ ಎಡಗಡೆಯಾದ್ದರಿಂದ ಬಲಕ್ಕೆ ಏನು ಬರುತ್ತಿದೆಯೆಂದು ನನಗೆ ಕಾಣುತ್ತಿರಲಿಲ್ಲ. ಅದು ಅತ್ತೆಯ ಇಲಾಖೆ. ಅವರು ತೋಳು ಹೊರಗೆ ಚಾಚಿ ದನ ತಡೆಯುವ ಹಾಗೆ ಅಂಗೈ ತೋರಿಸುತ್ತಿದ್ದರು, ಗಾಡಿಗಳು ನಿಲ್ಲುತ್ತಿದ್ದವು. ಒಂದು ಬಸ್ಸೂ ನಿಂತಿತು.

"ಅಜ್ಜಿ, ಗಾಡಿ ಸಖತ್ತಾಗಿದೆ" ಎಂದ ಡ್ರೈವರ್, ಕಿಟಕಿಯಿಂದ ಬಗ್ಗಿ.

"ನಿನ್ನ ಬಸ್ಸೂ ಚೆನ್ನಾಗಿದೆ. ಒಂಚೂರು ಹಿಂದೆ ತಗೋ" ಎಂದರು ಅತ್ತೆ.

ಸಾರಕ್ಕಿ ಸಿಗ್ನಲ್ಲಿನಲ್ಲಿ ಜೀಪು ಆಫ್ ಆಯಿತು. ಹಸಿರು ದೀಪ ಬಿದ್ದಿತ್ತು. ಹಿಂದೆ ಇಡೀ ಬೆಂಗಳೂರು ಹಾರ್ನ್ ಒತ್ತುತ್ತಿತ್ತು. ಇಲ್ಲಿ ತಳ್ಳುವವರು ಯಾರಿದ್ದಾರೆ ಎಂದು ಹಿಂದೆ ತಿರುಗಿ ನೋಡಿದೆ. ಅತ್ತೆ ಮುಂದೆಯೇ ನೋಡುತ್ತಿದ್ದರು.

"ಹಾರ್ನ್ ಹೊಡ್ಕೊಳ್ಲಿ ಬಿಡು, ಹಬ್ಬ ಅವರಿಗೂ ಇದೆ" ಎಂದರು. ಆಮೇಲೆ, "ಕೀಲಿ ಅಲ್ಲೇ ಇದೆ. ಕಾಲೂ ಅಲ್ಲೇ ಇದೆ. ಬೇರೆ ಏನು ಬೇಕೋ?" ಎಂದರು.

ಬೇರೆ ಏನೂ ಬೇಕಾಗಿರಲಿಲ್ಲ. ಗುಂಡಿ ಒತ್ತಿದೆ. ಎದ್ದಿತು.

ಮಾರ್ಕೆಟ್ಟಿನಲ್ಲಿ ಅತ್ತೆ ಇಳಿಯಲಿಲ್ಲ. ಹಣ್ಣಿನ ಹೆಂಗಸು ಬುಟ್ಟಿಯನ್ನೇ ಜೀಪಿನ ಹತ್ತಿರ ತಂದಳು. ಅತ್ತೆ ಒಂದೊಂದನ್ನೂ ಹೆಬ್ಬೆಟ್ಟಿನಿಂದ ಒತ್ತಿ, ಮೂಸಿ, ನಾಲ್ಕು ಆರಿಸಿ ಮಡಿಲಲ್ಲಿಟ್ಟುಕೊಂಡರು. ಬರುವಾಗ ದಾರಿಯುದ್ದಕ್ಕೂ ನಾನು, ಈ ಸಲ ಯಾರೂ ತಳ್ಳದ ಹಾಗೆ ಹೇಗೆ ನೋಡಿಕೊಳ್ಳುವುದು, ಮಕ್ಕಳನ್ನು ಒಳಗೆ ಕಳಿಸಬೇಕು, ಚಿಕ್ಕಪ್ಪನಿಗೆ ಕಾಫಿ ಕೊಟ್ಟು ಕೂರಿಸಬೇಕು ಎಂದು ಯೋಜನೆ ಹಾಕುತ್ತಿದ್ದೆ. ಗೇಟಿನೊಳಗೆ ತಂದು ನಿಲ್ಲಿಸಿದೆ. ಎಲ್ಲರೂ ಪೋರ್ಟಿಕೋದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಹಣ್ಣು ಸಿಕ್ತು. ಎಲ್ಲರೂ ದೂರ ನಿಂತ್ಕೊಳ್ಳಿ, ಈ ಸಲ ನಾನೇ ಓಡಿಸಿ ದಾಟಿಸ್ತೀನಿ" ಎಂದೆ.

ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ರೀ, ಸಾರಕ್ಕಿಗೆ ಹೋಗಿ ಬಂದಿದ್ದು ಹೆಂಗೆ? ತಳ್ಳಿಸ್ಕೊಂಡಾ?"

ಆಗಲೂ ನನಗೆ ಅರ್ಥವಾಗಲು ಒಂದಿಷ್ಟು ಹೊತ್ತು ಹಿಡಿಯಿತು. ಚಿಕ್ಕಪ್ಪನ ಮಗ ಮೊದಲು ನಕ್ಕ. ಆಮೇಲೆ ಉಳಿದವರೆಲ್ಲ. "ಬಿಡಿ ಅಣ್ಣ, ಎಳನೀರಿಗೆ ಒಂದು ಫ್ರಿಜ್ ತಗೋತೀನಿ" ಎಂದು ಬಂದು ಕೈ ಕುಲುಕಿದ. ಅತ್ತೆ ಮಡಿಲಿನ ಹಣ್ಣುಗಳನ್ನು ನನ್ನ ಹೆಂಡತಿಯ ಕೈಗಿಟ್ಟು, "ಪಾನಕ ಮಾಡಮ್ಮ, ಬಿಸಿಲು" ಎಂದರು.

"ಅತ್ತೆ, ನಿಂಬೆಹಣ್ಣು ಫ್ರಿಜ್ಜಲ್ಲಿ ಒಂದು ಚೀಲ ಇದೆ. ನಿನ್ನೆ ನೀವೇ ತರಿಸಿ ಇಡಿಸಿದ್ರಲ್ಲ" ಎಂದಳು ಅವಳು.

"ಅವು ಚಿತ್ರಾನ್ನಕ್ಕೆ" ಎಂದರು ಅತ್ತೆ, ಚಪ್ಪಲಿ ಹುಡುಕುತ್ತ.

ಆಮೇಲಿನ ಭಾನುವಾರಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಬೆಳಿಗ್ಗೆ ಅತ್ತೆಯನ್ನು ಕೂರಿಸಿಕೊಂಡು ನಾಲ್ಕನೇ ಬ್ಲಾಕಿಗೆ ಹೋಗಿ, ಜೀಪಿನಲ್ಲೇ ಕೂತು ಕಾಫಿ ಕುಡಿದು, ಸಾರಕ್ಕಿ ಕೆರೆಯ ಕಡೆ ಒಂದು ಸುತ್ತು ಹಾಕಿ ಬರುವುದು. ಇಲ್ಲಿ ಇಂಥವರ ಕೊಟ್ಟಿಗೆ ಇತ್ತು, ಇಲ್ಲಿ ಒಂದು ಎಮ್ಮೆ ನನ್ನನ್ನು ಕೆಸರಿಗೆ ಕೆಡವಿತ್ತು ಎಂದು ಅಪಾರ್ಟ್‌ಮೆಂಟುಗಳನ್ನು ತೋರಿಸುತ್ತಿದ್ದರು. ನಾನು ಚಿಂತೆ ಬಿಟ್ಟೆನೆಂದಲ್ಲ. ಟೈರಿನ ಗಾಳಿ ನೋಡದೆ ಇಂದಿಗೂ ಹೊರಡುವುದಿಲ್ಲ. ಆದರೆ ಹೊರಡುತ್ತೇನೆ. ಈ ವ್ಯತ್ಯಾಸ ಕೊಟ್ಟವರು ಅವರು. ಅದಕ್ಕೆ ಬದಲಾಗಿ ನಾನು ಅವರಿಗೆ ಕೊಟ್ಟದ್ದು ಕೆಲವು ಭಾನುವಾರಗಳ ಕಾಫಿ.

ಮಾರನೇ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೊದಿಕೆಯ ಹೊರಗೆ ಬಲಗಾಲು ಚಾಚಿತ್ತು. ಹೆಬ್ಬೆರಳು ಎಂದಿನಂತೆ ದೂರ ಸರಿದು, ಎಲ್ಲೋ ಏನನ್ನೋ ಒತ್ತಲು ಸಿದ್ಧವಾಗಿ ನಿಂತ ಹಾಗಿತ್ತು.

ಆ ವರ್ಷ ನಮಗೆ ಹಬ್ಬವಿರಲಿಲ್ಲ. ಮರುವರ್ಷದ ಆಯುಧಪೂಜೆಗೆ ನೆಂಟರೆಲ್ಲ ಬಂದರು. ಹಾರ, ಬಾಳೆಕಂದು, ಕುಂಬಳಕಾಯಿ, ಚಕ್ರದ ಕೆಳಗೆ ನಾಲ್ಕು ಹಣ್ಣು. ನಾನು ಬರಿಗಾಲಲ್ಲಿ ಹತ್ತಿ ಕೂತೆ. ಎಲ್ಲರೂ ಕೈಕಟ್ಟಿಕೊಂಡು ದೂರ ನಿಂತಿದ್ದರು. ಚಿಕ್ಕಪ್ಪ ಬಾಯಿ ಬಿಗಿಹಿಡಿದಿದ್ದರು. ಈ ಸಲ ಯಾರೂ ತಳ್ಳಬಾರದೆಂದು ತಮ್ಮೊಳಗೇ ಮಾತಾಡಿಕೊಂಡಂತಿತ್ತು. ಬಲಗಡೆಯ ಸೀಟು ಖಾಲಿ ಇತ್ತು. ನಾನು ಗುಂಡಿಯ ಮೇಲೆ ಹೆಬ್ಬೆರಳಿಟ್ಟೆ. ಒತ್ತಿದರೆ ಏಳುತ್ತದೆಂದು ಚೆನ್ನಾಗಿ ಗೊತ್ತಿತ್ತು. ಕಾಲು ತೆಗೆದೆ.

"ಚಿಕ್ಕಪ್ಪ, ಒಂಚೂರು ತಳ್ಳಿಸಿ" ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ, "ಹ್ಞೂಂ, ತಳ್ರಪ್ಪಾ" ಎಂದರು. ಮೊದಲು ಓಡಿ ಬಂದವನು ಅವರ ಮಗ. ಕನ್ನಡಿಯಲ್ಲಿ ಕಾಣುತ್ತಿದ್ದ. ಭುಜ ಕೊಡುವ ಮೊದಲು ಅವನು ಜೀಪಿನ ಹಿಂಬದಿಯ ಮೂಲೆಗೆ ಅಂಗೈ ಇಟ್ಟು ಎರಡು ಸಲ ತಟ್ಟಿದ.